ಗ್ರೀಕರ ಆತ್ಮಕ್ಕೆ ಎಷ್ಟು ಭಾಗ?

ಗ್ರೀಕರು ಆತ್ಮವನ್ನು ವಿವೇಕ, ರೋಷ, ಆಸೆ ಎಂದು ಮೂರು ಭಾಗ ಮಾಡಿದರು ಎಂಬ ಮಾತನ್ನಷ್ಟೇ ನಂಬಿ ಹೊರಟರೆ ಅರಿಸ್ಟಾಟಲ್ ಆಗಲಿ, ಅವನ ನಂತರದ ತತ್ವಪಂಥದವರಾದ ಸ್ಟೋಯಿಕರಾಗಲಿ ಅರ್ಥವಾಗುವುದಿಲ್ಲ. ಎಷ್ಟು ಭಾಗ ಎಂಬುದಕ್ಕಿಂತ, ಯಾವ ಆಧಾರದ ಮೇಲೆ ಭಾಗ ಮಾಡುವುದು ಎಂಬುದೇ ಅಲ್ಲಿನ ದೊಡ್ಡ ವಿವಾದ.

ಹೋಮರನಲ್ಲಿ ಆತ್ಮವೆಂದರೆ ಸಾವಿನಲ್ಲಿ ದೇಹ ಬಿಟ್ಟು ಹೋಗುವಂಥದ್ದು. ರೋಷದ ನೆಲೆ ಎದೆ. ಮುಂದಿನ ಶತಮಾನಗಳಲ್ಲಿ ಯೋಚನೆ, ಆಸೆ, ಕೋಪ ಎಲ್ಲವೂ ಆತ್ಮದ ಪಾಲಿಗೆ ಬಂದವು. ಪ್ಲೇಟೋ ಕೂಡ ‘ಫೀಡೋ’ದಲ್ಲಿ ಆತ್ಮ ಬಿಡಿಭಾಗಗಳಿಲ್ಲದ್ದು ಎಂಬ ಕಡೆಗೇ ವಾಲುತ್ತಾನೆ, ಅಲ್ಲಿ ಆಸೆಗಳೆಲ್ಲ ದೇಹದವು.

ಅವನದೇ ‘ರಿಪಬ್ಲಿಕ್’ನ ನಾಲ್ಕನೇ ಪುಸ್ತಕದಲ್ಲಿ ವಾದವೇ ಬೇರೆ. ಒಂದೇ ವಸ್ತು, ಒಂದೇ ಅಂಶದಲ್ಲಿ, ಒಂದೇ ವಿಷಯದ ಕುರಿತು, ಏಕಕಾಲಕ್ಕೆ ವಿರುದ್ಧ ಕೆಲಸ ಮಾಡಲಾರದು ಎಂಬುದು ಅದರ ಬುನಾದಿ. ಬಾಯಾರಿದವನು ನೀರು ಬೇಕೆನ್ನುತ್ತಲೇ ಕುಡಿಯಲು ಒಪ್ಪದಿದ್ದರೆ, ಬೇಡುವುದೂ ತಡೆಯುವುದೂ ಒಂದೇ ಭಾಗವಲ್ಲ. ಹೀಗೆ ಆಸೆ ಮತ್ತು ವಿವೇಕ ಬೇರ್ಪಡುತ್ತವೆ. ಮೂರನೆಯದಾದ ರೋಷಕ್ಕೆ ಲಿಯೋಂಟಿಯಸ್‌ನ ಪ್ರಸಂಗ ಸಾಕ್ಷಿ. ಅಥೆನ್ಸಿನ ಬಂದರಾದ ಪಿರೇಯಸ್‌ನಿಂದ ಉತ್ತರ ಗೋಡೆಯ ಹೊರಗೆ ಬರುತ್ತಿದ್ದವನಿಗೆ ಮರಣದಂಡನೆಗೆ ಗುರಿಯಾದವರ ಹೆಣಗಳು ಕಂಡವು. ನೋಡುವ ಆಸೆ, ಜೊತೆಗೇ ಹೇಸಿಗೆ. ಕೊನೆಗೆ ಆಸೆ ಗೆದ್ದಿತು, ಅವನು ತನ್ನ ಕಣ್ಣುಗಳ ಮೇಲೇ ಸಿಟ್ಟಾದ. ಆಸೆಯ ವಿರುದ್ಧ ಏಳುವ ರೋಷ ಆಸೆಯಾಗಲಾರದು. ವಿವೇಕ ಇನ್ನೂ ಮೂಡದ ಮಕ್ಕಳಲ್ಲೂ ಅದು ಇರುವುದರಿಂದ ವಿವೇಕವೂ ಅಲ್ಲ. ‘ಒಂದೇ ಅಂಶದಲ್ಲಿ’ ಎಂಬ ಷರತ್ತನ್ನು ಕೈಬಿಟ್ಟರೆ ಹಸಿವು ನಿದ್ದೆಗಳ ಪೈಪೋಟಿಗೂ ಹೊಸ ಭಾಗ ಹುಟ್ಟಿಸಬೇಕಾಗುತ್ತದೆ. ಈ ವಾದವನ್ನು ಓದುವವರು ಹೆಚ್ಚಾಗಿ ಎಡವುವುದು ಇಲ್ಲೇ.

ಪ್ಲೇಟೋನ ಇನ್ನೊಂದು ಕೃತಿ ‘ಟಿಮೇಯಸ್’ನಲ್ಲಿ ವಿವೇಕಕ್ಕೆ ತಲೆ, ರೋಷಕ್ಕೆ ಎದೆ, ಆಸೆಗೆ ವಪೆಯ ಕೆಳಗಿನ ಜಾಗ ಸಿಕ್ಕಿತು. ಒಳಗಿನ ಸಂಘರ್ಷದ ವಾದ ದೇಹದ ನಕ್ಷೆಯಾಯಿತು. ಇದರಿಂದ ಚರ್ಚೆಗೆ ಲಾಭಕ್ಕಿಂತ ನಷ್ಟವೇ ಹೆಚ್ಚಾಯಿತು.

ಈ ವಿಂಗಡಣೆಯಲ್ಲಿ ಬಯಕೆ ಮೂರೂ ಕಡೆ ಹರಿದು ಹಂಚಿಹೋಗುತ್ತದೆ, ಪೋಷಣೆ ಮತ್ತು ಇಂದ್ರಿಯಗ್ರಹಣಕ್ಕೆ ಜಾಗವೇ ಇಲ್ಲ ಎಂಬುದು ಅರಿಸ್ಟಾಟಲನ ಆಕ್ಷೇಪ. ಅವನು ಎಣಿಸಿದ್ದು ಸಾಮರ್ಥ್ಯಗಳನ್ನು: ಗಿಡಕ್ಕೆ ಪೋಷಣೆ, ಪ್ರಾಣಿಗೆ ಅದರ ಮೇಲೆ ಇಂದ್ರಿಯಗ್ರಹಣ, ಮನುಷ್ಯನಿಗೆ ಚಿಂತನೆಯೂ. ನೀತಿಶಾಸ್ತ್ರಕ್ಕೆ ಮಾತ್ರ ವಿವೇಕವುಳ್ಳದ್ದು, ಇಲ್ಲದ್ದು ಎಂಬ ಎರಡೇ ಸಾಕೆಂದ.

ಸ್ಟೋಯಿಕರ ಲೆಕ್ಕ ಎಂಟು: ಐದು ಇಂದ್ರಿಯಗಳು, ಮಾತು, ಸಂತಾನಶಕ್ತಿ, ಇವನ್ನೆಲ್ಲ ನಡೆಸುವ, ಹೃದಯದಲ್ಲಿರುವ ಒಂದು ಅಧಿಪತಿ. ಅವರಲ್ಲೊಬ್ಬನಾದ ಕ್ರಿಸಿಪ್ಪಸ್‌ಗೆ ಕೋಪವೂ ಆ ಅಧಿಪತಿಯದೇ ತಪ್ಪು ತೀರ್ಮಾನ. ಇದಕ್ಕೆ ಎದುರಾಗಿ ಕ್ರಿ.ಶ. 2ನೇ ಶತಮಾನದ ವೈದ್ಯ ಗೇಲೆನ್ ಪ್ರಾಣಿಗಳ ಗಂಟಲಿನ ನರ ಕಟ್ಟಿ ದನಿ ನಿಲ್ಲುವುದನ್ನು ತೋರಿಸಿದ. ಆಜ್ಞೆ ಹೊರಡುವುದು ಮಿದುಳಿನಿಂದ ಎಂದ. ಆದರೆ ಆ ನರ ಹೇಳಬಲ್ಲದ್ದು ನೆಲೆಯನ್ನಷ್ಟೆ. ರೋಷ ವಿವೇಕಕ್ಕಿಂತ ಬೇರೆ ಎಂದು ಸಾಧಿಸಲು ಗೇಲೆನ್ ಕೂಡ ‘ರಿಪಬ್ಲಿಕ್’ನ ವಾದಕ್ಕೇ ಮೊರೆಹೋಗಬೇಕಾಯಿತು.