ಯೇಸು ಒಂದೇ ಸಲ ಎರಡು ಕತ್ತೆಗಳ ಮೇಲೆ ಕುಳಿತನೇ?

ಪ್ರಶ್ನೆ: ಯೇಸು ಕತ್ತೆಯೇರಿ ಜೆರುಸಲೇಮನ್ನು ಪ್ರವೇಶಿಸಿದ್ದನ್ನು ನೆನೆಯುವ ಗರಿಗಳ ಭಾನುವಾರದಂದು ಓದುವ ಮತ್ತಾಯನ ಸುವಾರ್ತೆಯಲ್ಲಿ ಕತ್ತೆಯೂ ಇದೆ, ಮರಿಯೂ ಇದೆ. ಮಾರ್ಕನಲ್ಲಿ ಮರಿ ಮಾತ್ರ. ಯಾವುದು ಸರಿ?

ಉತ್ತರ: ಕತ್ತೆಗಳನ್ನು ಎಣಿಸುವ ಮೊದಲು ಹಳೆಯ ಒಡಂಬಡಿಕೆಯ ಪ್ರವಾದಿ ಜೆಕರ್ಯನ ಗ್ರಂಥದ 9ನೇ ಅಧ್ಯಾಯಕ್ಕೆ ಹೋಗಬೇಕು. ಅಲ್ಲಿನ 9ನೇ ವಚನದಲ್ಲಿ ಪ್ರವಾದಿ ಜೆರುಸಲೇಮನ್ನು ಕರೆದು, ನಿನ್ನ ಅರಸ ಬರುತ್ತಿದ್ದಾನೆ, ಕತ್ತೆಯ ಮೇಲೆ, ಹೆಣ್ಣುಕತ್ತೆಯ ಎಳೆಯ ಮರಿಯ ಮೇಲೆ ಬರುತ್ತಿದ್ದಾನೆ ಎನ್ನುತ್ತಾನೆ. ಇದು ಹೀಬ್ರೂ ಕಾವ್ಯದ ರೀತಿ. ಒಂದು ಮಾತು ಹೇಳಿ, ಅದನ್ನೇ ಬೇರೆ ಪದಗಳಲ್ಲಿ ಮತ್ತೊಮ್ಮೆ ಹೇಳುವುದು ಅಲ್ಲಿನ ಪದ್ಯದ ಉಸಿರು. ನಮ್ಮಲ್ಲಿ ಯಾರಾದರೂ 'ದೊರೆ ಬಂದ, ನಾಡಿನ ಒಡೆಯ ಬಂದ' ಎಂದು ಹಾಡಿದರೆ ಬಂದವರು ಇಬ್ಬರು ಎಂದು ಯಾರೂ ಎರಡು ಎಲೆ ಹಾಕುವುದಿಲ್ಲ. ಪ್ರವಾದಿಯ ಕಣ್ಣಿಗೆ ಕಂಡದ್ದೂ ಒಂದೇ ಪ್ರಾಣಿ.

ಮಾರ್ಕ ಈ ಪ್ರವಾದನೆಯನ್ನು ಉದ್ಧರಿಸುವುದೇ ಇಲ್ಲ. ಅದುವರೆಗೆ ಯಾರೂ ಹತ್ತದ ಒಂದು ಮರಿಯನ್ನು ಶಿಷ್ಯರು ಬಿಚ್ಚಿ ತರುತ್ತಾರೆ, ಅಷ್ಟೇ. ಮಾರ್ಕನ ಬರಹವನ್ನು ಮುಂದಿಟ್ಟುಕೊಂಡೇ ಮತ್ತಾಯ ಬರೆದ ಎಂಬುದು ಬಹುತೇಕ ವಿದ್ವಾಂಸರ ಅಭಿಪ್ರಾಯ. ಹಾಗೆ ಬರೆಯುವಾಗ ಅವನು ಜೆಕರ್ಯನ ಮಾತನ್ನು ತಂದು ಸೇರಿಸುತ್ತಾನೆ. ಅದರ ಮೊದಲ ಸಾಲಿನ ಜಾಗದಲ್ಲಿ ಇನ್ನೊಬ್ಬ ಪ್ರವಾದಿ ಯೆಶಾಯನ 62ನೇ ಅಧ್ಯಾಯದ ಒಂದು ತುಣುಕು ಕೂರುತ್ತದೆ. ಅರಸ ನ್ಯಾಯವಂತ, ಜಯಶೀಲ ಎಂಬ ವಿಶೇಷಣಗಳು ಬಿದ್ದುಹೋಗಿ ದೀನತೆಯೊಂದೇ ಉಳಿಯುತ್ತದೆ. ಕೊನೆಗೆ ಶಿಷ್ಯರು ಕತ್ತೆ, ಮರಿ ಎರಡನ್ನೂ ತಂದು ಅವುಗಳ ಮೇಲೆ ಬಟ್ಟೆ ಹಾಸುತ್ತಾರೆ, ಯೇಸು 'ಅವುಗಳ ಮೇಲೆ' ಕುಳಿತುಕೊಳ್ಳುತ್ತಾನೆ.

ಈ 'ಅವು' ಬಟ್ಟೆಗಳು ಎಂದು ಹೇಳಿ ಪಾರಾಗುವವರಿದ್ದಾರೆ. ಗ್ರೀಕ್ ವ್ಯಾಕರಣ ಅದಕ್ಕೆ ಅಡ್ಡಿಯೇನೂ ಮಾಡುವುದಿಲ್ಲ. ಪಳಗದ ಮರಿ ಬೆದರದಿರಲೆಂದು ತಾಯಿಯನ್ನೂ ಜೊತೆಗೆ ತಂದರು ಎನ್ನುವವರೂ ಇದ್ದಾರೆ. ಕತ್ತೆ ಸಾಕಿದವರು ಇದನ್ನು ಒಪ್ಪಿಯಾರು. ಮತ್ತಾಯನಿಗೆ ಹೀಬ್ರೂ ಕಾವ್ಯ ಅರ್ಥವಾಗಲಿಲ್ಲ ಎಂದು ನಗುವವರ ಮಾತನ್ನು ಮಾತ್ರ ನಾನು ನಂಬುವುದಿಲ್ಲ. ಧರ್ಮಶಾಸ್ತ್ರದ ಒಂದು ಸೊನ್ನೆಯೂ ಅಳಿಯದು ಎಂಬ ಮಾತನ್ನು 5ನೇ ಅಧ್ಯಾಯದಲ್ಲಿ ದಾಖಲಿಸಿದವನೂ ಅವನೇ. ಪವಿತ್ರ ಗ್ರಂಥದಲ್ಲಿ ವ್ಯರ್ಥ ಪದವಿಲ್ಲ ಎಂದು ನಂಬಿದ ಯೆಹೂದಿ ಓದುಗನ ಎಚ್ಚರ ಅದು: ಎರಡು ಹೆಸರುಗಳಿದ್ದರೆ ಎರಡಕ್ಕೂ ಲೆಕ್ಕ ಕೊಡಬೇಕು.

ಹಾಗಾದರೆ ಪ್ರವಾದನೆ ನೆರವೇರಿತೋ, ಅದಕ್ಕೆ ತಕ್ಕಂತೆ ಕಥೆ ಹೊಲಿದರೋ? ಜೆಕರ್ಯನ ಈ ವಚನ ಬರಲಿರುವ ಮೆಸ್ಸೀಯನ, ಅಂದರೆ ದೇವರು ಕಳುಹಿಸುವ ಅಭಿಷಿಕ್ತ ಅರಸನ ಕುರಿತದ್ದು ಎಂಬುದರಲ್ಲಿ ಯೆಹೂದಿ ಪರಂಪರೆಗೂ ಹೆಚ್ಚಿನ ತಕರಾರಿಲ್ಲ. ಜನರು ಯೋಗ್ಯರಾಗಿದ್ದರೆ ಅವನು ಮೇಘಗಳೊಡನೆ ಬರುತ್ತಾನೆ, ಇಲ್ಲವಾದರೆ ಕತ್ತೆಯೇರಿ ಬರುತ್ತಾನೆ ಎಂಬ ಮಾತು ಯೆಹೂದಿ ಗುರುಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದ್‌ನಲ್ಲಿದೆ. ಅವರ ಆಕ್ಷೇಪ ಮುಂದಿನ ವಚನದ್ದು. ರಥ, ಯುದ್ಧಾಶ್ವಗಳೆಲ್ಲ ನಿರ್ಮೂಲವಾಗಿ ಜನಾಂಗಗಳಿಗೆ ಶಾಂತಿ ಬರುತ್ತದೆ ಎಂದು ಅಲ್ಲಿದೆಯಲ್ಲ, ಅದೆಲ್ಲಿ? ಕ್ರೈಸ್ತರು ಅದನ್ನು ಯೇಸುವಿನ ಎರಡನೆಯ ಬರೋಣಕ್ಕೆ ಬಿಡುತ್ತಾರೆ.

ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುವುದು ಯೋಹಾನನ ಸಾಕ್ಷ್ಯ. ಅವನ 12ನೇ ಅಧ್ಯಾಯದಲ್ಲಿ ಶಿಷ್ಯರನ್ನು ಕತ್ತೆಗಾಗಿ ಕಳುಹಿಸುವ ಪ್ರಸಂಗವೇ ಇಲ್ಲ. ಯೇಸುವೇ ಒಂದು ಎಳೆಗತ್ತೆಯನ್ನು ಕಂಡು ಹತ್ತುತ್ತಾನೆ. ಪ್ರವಾದನೆಯನ್ನು ಉದ್ಧರಿಸಿದ ಮರುಕ್ಷಣವೇ ಯೋಹಾನ ಒಪ್ಪಿಕೊಳ್ಳುತ್ತಾನೆ: ಆ ದಿನ ಶಿಷ್ಯರಿಗೆ ಇದೊಂದೂ ತಿಳಿಯಲಿಲ್ಲ, ಯೇಸು ಮರಣ, ಪುನರುತ್ಥಾನಗಳ ಮೂಲಕ ಮಹಿಮೆ ಹೊಂದಿದ ಮೇಲೆಯೇ ಅವನ ಕುರಿತು ಹೀಗೆ ಬರೆದಿತ್ತೆಂದು ನೆನಪಾಯಿತು. ಅಂದರೆ ಅವರು ಗ್ರಂಥ ಹಿಡಿದು ಘಟನೆಗಾಗಿ ಕಾಯುತ್ತಿರಲಿಲ್ಲ. ಘಟನೆ ಮುಗಿದ ಮೇಲೆ ಗ್ರಂಥದ ಕಡೆಗೆ ತಿರುಗಿದರು. ಮತ್ತಾಯನ ಎರಡನೆಯ ಕತ್ತೆ ಕಥೆಯೊಳಗೆ ಬಂದದ್ದು ಬಹುಶಃ ಆ ತಿರುವಿನಲ್ಲೇ.