ಜೇನ್ ಆಸ್ಟೆನ್ ಓದು: ಮನೆಯವರು ಹೇಳಿದ್ದು, ಕಾಗದಗಳು ಹೇಳುವುದು

ಇಂಗ್ಲಿಷ್ ಕಾದಂಬರಿಕಾರ್ತಿ ಜೇನ್ ಆಸ್ಟೆನ್ 1817ರ ಜುಲೈಯಲ್ಲಿ ತೀರಿಕೊಂಡರು. ವರ್ಷದ ಕೊನೆಗೆ ಅವರ ಉಳಿದೆರಡು ಕಾದಂಬರಿಗಳು ಅಚ್ಚಾದಾಗ ಅಣ್ಣ ಹೆನ್ರಿ ಮುಂದೊಂದು ಪರಿಚಯ ಸೇರಿಸಿದರು. ತಂಗಿಗೆ ಗದ್ಯದಲ್ಲಿ ಜಾನ್ಸನ್, ಪದ್ಯದಲ್ಲಿ ಕೂಪರ್ ಅಚ್ಚುಮೆಚ್ಚು. ಕಾದಂಬರಿಕಾರ ಫೀಲ್ಡಿಂಗ್‌ನ ನೀತಿಯ ಮಟ್ಟ ಕೀಳಾದ್ದರಿಂದ ಅಷ್ಟಾಗಿ ಹಿಡಿಸುತ್ತಿರಲಿಲ್ಲ ಎಂದರು. ಪಾದ್ರಿ ಮನೆತನಕ್ಕೆ ಒಪ್ಪುವ ಪಟ್ಟಿಯೇ.

1884ರಲ್ಲಿ ಇನ್ನೊಬ್ಬ ಅಣ್ಣನ ಮಗಳು ಫ್ಯಾನಿಯ ಮಗ ಲಾರ್ಡ್ ಬ್ರಾಬೋರ್ನ್, ಜೇನ್ ಬರೆದ ಕಾಗದಗಳನ್ನು ಎರಡು ಸಂಪುಟಗಳಲ್ಲಿ ಹೊರತಂದ ಮೇಲೆ ಪಟ್ಟಿ ಅಲುಗಿತು. 1796ರ ಜನವರಿಯ ಕಾಗದದಲ್ಲಿ ಇಪ್ಪತ್ತರ ಜೇನ್, ಪರಿಚಯದ ತರುಣ ಟಾಮ್ ಲೆಫ್ರಾಯ್‌ನ ತಿಳಿಬಣ್ಣದ ಕೋಟನ್ನು ಗೇಲಿ ಮಾಡುತ್ತಾರೆ: ಅವನು ‘ಟಾಮ್ ಜೋನ್ಸ್’ನ ಅಭಿಮಾನಿ, ನಾಯಕ ಗಾಯಗೊಂಡಾಗ ತೊಟ್ಟ ಬಣ್ಣವನ್ನೇ ತೊಟ್ಟಿರಬೇಕು! ಅದು ಫೀಲ್ಡಿಂಗ್‌ನದೇ ಕಾದಂಬರಿ. ಬಟ್ಟೆಯ ಬಣ್ಣದವರೆಗೂ ನೆನಪಿದೆ ಎಂದರೆ ಮೂಗು ಮುಚ್ಚಿಕೊಂಡು ಓದಿದ್ದಲ್ಲ.

ಹೆನ್ರಿ ಸುಳ್ಳು ಹೇಳಿದರು ಎಂದಲ್ಲ. 1798ರ ನವೆಂಬರಿನಲ್ಲಿ ಮನೆಗೆ ಕೂಪರ್ ಕೃತಿಗಳನ್ನು ಕೊಳ್ಳುವ ಮಾತಿದೆ. ಡಿಸೆಂಬರಿನಲ್ಲಿ ಅಪ್ಪ ಸಂಜೆ ಕೂಪರ್ ಓದಿ ಹೇಳುತ್ತಾರೆ, ಜೇನ್ ‘ಆದಾಗ’ ಕೇಳುತ್ತಾರೆ! ಅದೇ ತಿಂಗಳು ಚಂದಾ ಗ್ರಂಥಾಲಯ ತೆರೆಯಲಿದ್ದ ಮಾರ್ಟಿನ್ ಎಂಬಾಕೆ ತಮ್ಮಲ್ಲಿ ಬರೀ ಕಾದಂಬರಿಗಳಿರುವುದಿಲ್ಲ ಎಂದು ಹೇಳಿಕೊಂಡಾಗ, ನಮ್ಮ ಮನೆಯವರೆಲ್ಲ ಕಾದಂಬರಿ ಓದುವವರೇ, ಅದಕ್ಕೆ ನಾಚಿಕೆಯೂ ಇಲ್ಲ ಎಂದು ಅಕ್ಕ ಕಸಾಂಡ್ರಾಗೆ ಬರೆದರು.

ಹಿಡಿಸದ ಪುಸ್ತಕಕ್ಕೆ ದಯೆಯಿಲ್ಲ. 1807ರಲ್ಲಿ ‘ಆಲ್ಫನ್ಸೀನ್’ ಇಪ್ಪತ್ತು ಪುಟಕ್ಕೇ ಹೇಸಿಗೆಯಾಗಿ, ಬದಲಿಗೆ ಮೊದಲೇ ಓದಿದ್ದ ‘ದ ಫೀಮೇಲ್ ಕ್ವಿಕ್ಸೋಟ್’ ಬಂತು. 1814ರ ಸೆಪ್ಟೆಂಬರಿನ ಕಾಗದವಂತೂ ಸೊಗಸು: ಕವಿಯಾಗಿ ಬೇಕಾದಷ್ಟು ಗಳಿಸಿರುವ ಸ್ಕಾಟ್ ಕಾದಂಬರಿ ಬರೆದು ಬೇರೆಯವರ ಅನ್ನ ಕಸಿಯಬಾರದು, ಅವನ ‘ವೇವರ್ಲಿ’ಯನ್ನು ಮೆಚ್ಚುವ ಮನಸ್ಸಿಲ್ಲ, ಮೆಚ್ಚಲೇಬೇಕಾದೀತೆಂಬ ಭಯ. ಆ ಪುಸ್ತಕದ ಮೇಲೆ ಲೇಖಕನ ಹೆಸರಿರಲಿಲ್ಲ. ಸ್ಕಾಟ್ ಬಹಿರಂಗವಾಗಿ ಒಪ್ಪಿಕೊಂಡದ್ದು 1827ರಲ್ಲಿ. ಹಳ್ಳಿಯ ಓದುಗರಿಗೆ ಮೂರು ತಿಂಗಳೊಳಗೇ ಗುಟ್ಟು ಗೊತ್ತಾಗಿತ್ತು.

ಇಂಥ ಸಾಲುಗಳನ್ನೆಲ್ಲ ತೀರ್ಪೆಂದು ಎಣಿಸಿದರೆ ಎಡವುತ್ತೇವೆ. ಎಷ್ಟೋ ಸಾಲು ಅಕ್ಕನನ್ನು ನಗಿಸಲು ಬರೆದದ್ದು. ಹೆಸರುಗಳೂ ಕೈಕೊಡುತ್ತವೆ. 1809ರಲ್ಲಿ ಜೇನ್ ಬೈದ ಪುಸ್ತಕದ ಹೆಸರು ಅವರು ಓದಿಕೊಂಡಂತೆ ‘ಕೇಲೆಬ್’ ಅಲ್ಲವೇ ಅಲ್ಲ; ಅಕ್ಕ ಬರೆದದ್ದು ಹ್ಯಾನಾ ಮೋರ್‌ಳ ‘ಸೀಲೆಬ್ಸ್’. ಆ ಹೆಸರಿನಲ್ಲಿ ಕಂಡ ಜೋಡಿ ಸ್ವರಾಕ್ಷರವನ್ನು (oe) ಅಕ್ಕ ಎಂದಿನಂತೆ ಹೆಚ್ಚುವರಿಯಾಗಿ ಸೇರಿಸಿದ್ದೆಂದುಕೊಂಡೆ ಎಂದು ಮುಂದಿನ ಕಾಗದದಲ್ಲಿ ಜೇನ್ ಸಮಜಾಯಿಷಿ ಕೊಟ್ಟರು. ಬ್ರಾಬೋರ್ನ್ ಅಲ್ಲಲ್ಲಿ ಕತ್ತರಿಯಾಡಿಸಿದ್ದರಿಂದ, ಕಾಗದಗಳ ಮೂಲಪಾಠಕ್ಕೆ 1932ರ ಚಾಪ್‌ಮನ್ ಆವೃತ್ತಿ ಅಥವಾ 1995ರ ಲಿ ಫೇ ಆವೃತ್ತಿಯನ್ನೇ ನೋಡಬೇಕು.

ಉಳಿದಿರುವುದು ಸುಮಾರು 160 ಕಾಗದ. ತಮ್ಮಲ್ಲಿದ್ದವುಗಳ ಬಹುಪಾಲನ್ನು ಕಸಾಂಡ್ರಾ ತಾವು ಸಾಯುವ ಎರಡು ಮೂರು ವರ್ಷ ಮೊದಲು ಸುಟ್ಟರು. ಜತೆಗಿದ್ದಾಗ ಅಕ್ಕತಂಗಿಯರು ಕಾಗದ ಬರೆಯುತ್ತಲೂ ಇರಲಿಲ್ಲ. 1801ರ ಜನವರಿಯಲ್ಲಿ, ಬಾತ್‌ಗೆ ಹೊರಟ ಅಪ್ಪ 500ಕ್ಕೂ ಹೆಚ್ಚು ಪುಸ್ತಕ ವಿಲೇವಾರಿ ಮಾಡಬೇಕಾಗಿದೆ, ಅಣ್ಣ ಜೇಮ್ಸ್ ಸಂಪುಟಕ್ಕೆ ಅರ್ಧ ಗಿನಿಯಂತೆ (ಗಿನಿ ಆಗಿನ ಇಂಗ್ಲಿಷ್ ಚಿನ್ನದ ನಾಣ್ಯ) ಒಟ್ಟಿಗೇ ಕೊಂಡರೆ ಸಾಕು ಎಂದು ಜೇನ್ ಬರೆದರು. ಆ ವರ್ಷದ ಮೇ ಕೊನೆಯಿಂದ 1804ರ ಸೆಪ್ಟೆಂಬರ್‌ವರೆಗಿನ ಒಂದು ಕಾಗದವೂ ಉಳಿದಿಲ್ಲ.