ಸನ್‌ಬೆಡ್: ದುಡ್ಡು ಕೊಟ್ಟು ಕಪ್ಪಾಗುವ ಹಾಸಿಗೆ

ನಮ್ಮ ಬ್ಯೂಟಿ ಪಾರ್ಲರ್‌ಗಳಲ್ಲಿ ಬಿಸಿಲಿಗೆ ಕಪ್ಪಾದ ಮುಖಕ್ಕೆ 'ಡಿ-ಟ್ಯಾನ್' ಮಾಡುತ್ತಾರೆ. ಯುರೋಪು, ಅಮೆರಿಕದಲ್ಲಿ ಇದರ ಉಲ್ಟಾ ವ್ಯಾಪಾರ. ಬೆಳ್ಳಗಿರುವವರು ದುಡ್ಡು ಕೊಟ್ಟು ಕಂದು ಬಣ್ಣಕ್ಕೆ ತಿರುಗುತ್ತಾರೆ. ಅದಕ್ಕೆ ಬಳಸುವ ಯಂತ್ರವೇ ಸನ್‌ಬೆಡ್. ಆಸ್ಟ್ರೇಲಿಯಾದಲ್ಲಿ ಇದನ್ನು ಸೋಲೇರಿಯಂ ಅಂತಲೂ ಕರೆಯುತ್ತಾರೆ.

ನೋಡೋಕೆ ಮುಚ್ಚಳ ಇರುವ ಉದ್ದನೆಯ ಪೆಟ್ಟಿಗೆ. ಮೇಲೂ ಕೆಳಗೂ ಸಾಲಾಗಿ ಟ್ಯೂಬ್‌ಲೈಟುಗಳು. ಅವುಗಳಿಂದ ಬರುವುದು ಅಲ್ಟ್ರಾವಯಲೆಟ್ ಕಿರಣ, ಅಂದರೆ ಯುವಿ. ಕಣ್ಣಿಗೆ ಪುಟ್ಟ ಕನ್ನಡಕ ಹಾಕಿಕೊಂಡು ಕೆಲವು ನಿಮಿಷ ಒಳಗೆ ಮಲಗಬೇಕು. ಕನ್ನಡಕ ಹಾಕದಿದ್ದರೆ ಕಣ್ಣಿನ ಮೇಲ್ಪದರವೇ ಸುಡಬಹುದು.

ಬಣ್ಣ ಬರೋದು ಹೇಗೆ? ಯುವಿ ಕಿರಣ ಚರ್ಮದ ಜೀವಕೋಶದೊಳಗಿನ ಡಿಎನ್‌ಎಗೆ ಏಟು ಕೊಡುತ್ತದೆ. ಡಿಎನ್‌ಎಯನ್ನು ಒಂದು ಬರಹ ಅಂದುಕೊಂಡರೆ, ಅದರ ಅಕ್ಕಪಕ್ಕದ ಎರಡು ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಏಟು ತಿಂದ ಕೋಶ ಸುದ್ದಿ ಕಳಿಸುತ್ತದೆ, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗುತ್ತದೆ. ಆ ಕಣಗಳು ಬಂದು ಡಿಎನ್‌ಎ ಇರುವ ನ್ಯೂಕ್ಲಿಯಸ್ ಮೇಲೆ ಕೊಡೆ ಹಿಡಿದ ಹಾಗೆ ಕೂರುತ್ತವೆ. ಟ್ಯಾನ್ ಅಂದರೆ ಇಷ್ಟೇ: ಏಟು ಬಿದ್ದ ಮೇಲೆ ಬಂದ ರಕ್ಷಣೆ. 'ಆರೋಗ್ಯದ ಹೊಳಪು' ಅನ್ನೋದು ಜಾಹೀರಾತಿನವರ ಮಾತು.

ಅಂಟಿಕೊಂಡ ಅಕ್ಷರಗಳನ್ನು ಕೋಶ ರಿಪೇರಿ ಮಾಡುತ್ತದೆ, ನಿಜ. ಆದರೆ ಪ್ರತಿ ಸಲವೂ ಸರಿಯಾಗಿ ಅಲ್ಲ. ಉಳಿದ ತಪ್ಪುಗಳು ವರ್ಷಗಟ್ಟಲೆ ಸೇರುತ್ತಾ ಹೋಗಿ ಚರ್ಮದ ಕ್ಯಾನ್ಸರ್‌ಗೆ ದಾರಿಯಾಗಬಹುದು. ಬೇಗ ಸುಕ್ಕು ಬರುವುದು, ಕಣ್ಣಿನ ಪೊರೆ, ಇವೂ ಇದೇ ಲೆಕ್ಕಕ್ಕೆ. ಬಯಲಿನ ಬಿಸಿಲಾದರೂ ಇದೇ ಕತೆ. ಸನ್‌ಬೆಡ್‌ನಲ್ಲಿ ಮಾತ್ರ ಬೇಕೆಂದೇ ಹೋಗಿ ಮಲಗುತ್ತಾರೆ.

ಬೀಚಿಗೆ ಹೋಗುವ ಮೊದಲು ಸ್ವಲ್ಪ ಟ್ಯಾನ್ ಆದರೆ ಚರ್ಮ ಸುಡಲ್ಲ ಅಂತ ಒಂದು ನಂಬಿಕೆ ಇದೆ. ಸನ್‌ಸ್ಕ್ರೀನ್ ಎಷ್ಟು ತಡೆಯುತ್ತದೆ ಎಂದು ಅಳೆಯುವ ಎಸ್‌ಪಿಎಫ್ ಲೆಕ್ಕದಲ್ಲಿ, ಅಂಥ ಟ್ಯಾನ್ ಕೊಡುವ ರಕ್ಷಣೆ ಹೆಚ್ಚೆಂದರೆ 3 ಅಥವಾ 4, ತೀರಾ ಕಡಿಮೆ. ಇನ್ನೊಂದು ನೆಪ ವಿಟಮಿನ್ ಡಿ. ಯುವಿಯಲ್ಲಿ ಯುವಿಎ, ಯುವಿಬಿ ಅಂತ ಬಗೆಗಳಿವೆ. ವಿಟಮಿನ್ ಡಿ ತಯಾರಾಗೋದು ಯುವಿಬಿಯಿಂದ, ಸನ್‌ಬೆಡ್ ಜಾಸ್ತಿ ಕೊಡೋದು ಯುವಿಎ! ವಿಟಮಿನ್ ಬೇಕಿದ್ದರೆ ಮಾತ್ರೆ ಇದೆ ಅಲ್ವಾ?

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2009ರಲ್ಲಿ ಸನ್‌ಬೆಡ್ಡನ್ನು ತಂಬಾಕು, ಆಸ್ಬೆಸ್ಟಾಸ್ ಇರುವ ಮೊದಲ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಪಟ್ಟಿಗೆ, ಸೇರಿಸಿತು. 30 ವರ್ಷಕ್ಕೆ ಮೊದಲೇ ಬಳಸಲು ಶುರು ಮಾಡಿದವರಲ್ಲಿ ಮೆಲನೋಮಾ ಎಂಬ ಮಾರಕ ಚರ್ಮದ ಕ್ಯಾನ್ಸರ್‌ನ ಅಪಾಯ ಶೇ 75ರಷ್ಟು ಹೆಚ್ಚು ಎಂದಿತು. ಅದೇ ವರ್ಷ ಬ್ರೆಜಿಲ್ ಇದನ್ನು ನಿಷೇಧಿಸಿತು. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಯುವತಿ ಕ್ಲೇರ್ ಆಲಿವರ್ ಮೆಲನೋಮಾದಿಂದ ಸಾಯುವ ಮುನ್ನ ಸೋಲೇರಿಯಂ ವಿರುದ್ಧ ದನಿ ಎತ್ತಿದ್ದರು. ಅವರು 2007ರಲ್ಲಿ ತೀರಿಕೊಂಡಾಗ ವಯಸ್ಸು 26. ಅವರ ರಾಜ್ಯ ವಿಕ್ಟೋರಿಯಾದಲ್ಲಿ 2015ರ ಹೊತ್ತಿಗೆ ಈ ವ್ಯಾಪಾರ ಪೂರ್ತಿ ಬಂದ್ ಆಯಿತು.

ಕಂದು ಬಣ್ಣ ಬೇಕೇ ಬೇಕು ಅನ್ನುವವರಿಗೆ ಈಗ ಸ್ಪ್ರೇ ಟ್ಯಾನ್ ಇದೆ. ಅದು ಚರ್ಮದ ಮೇಲಿನ ಸತ್ತ ಪದರಕ್ಕೆ ಹತ್ತುವ ಬಣ್ಣ, ಯುವಿ ಬೇಕಿಲ್ಲ. ಆದರೆ ಅದು ಬಿಸಿಲನ್ನು ತಡೆಯಲ್ಲ, ಸನ್‌ಸ್ಕ್ರೀನ್ ಬೇರೆ ಹಚ್ಚಲೇಬೇಕು.